ಒಂದು ಎಲೆ ಹೆಚ್ಚು

ಸುಳ್ಯ ಪೇಟೆಯಲ್ಲಿ ಪಂಪ್ ರಿಪೇರಿ ಮಾಡುವ ಜಯಪ್ರಕಾಶನ ಹೊಟ್ಟೆಯ ಬಲಗಡೆ ಈಗ ಇನ್ನೊಬ್ಬನ ಕಿಡ್ನಿ ಇದೆ. ಬೈಕ್ ಅಪಘಾತದಲ್ಲಿ ತೀರಿಕೊಂಡ ಯಾವನೋ ಹುಡುಗನದು. ಹೆಸರು, ಊರು ಆಸ್ಪತ್ರೆಯವರು ಹೇಳಲಿಲ್ಲ. ಕಿಡ್ನಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದು ಡಾಕ್ಟರಿಗೆ ಸಮಾಧಾನ. ಆದರೆ ಜಯಪ್ರಕಾಶನಿಗೆ ಅನ್ನವೇ ಸೇರುತ್ತಿಲ್ಲ. ನಾಲ್ಕು ತುತ್ತಿಗೇ ಎದ್ದುಬಿಡುತ್ತಾನೆ. ಎಷ್ಟೋ ಜನರ ಪಂಪಿಗೆ ಹಳೇ ಮೋಟರ್ ಕೂರಿಸಿದ ಈ ಪುಣ್ಯಾತ್ಮ, ಅದು ಯಾರ ಬಾವಿಯಿಂದ ಬಂತೆಂದು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಈಗ ಹಗಲೂ ರಾತ್ರಿ ಆ ಹುಡುಗನದೇ ಯೋಚನೆ. ಹೆಂಡತಿ ಭವಿತಾ ಬೈದು ನೋಡಿದಳು, ಅತ್ತು ನೋಡಿದಳು.

ಮಳೆಗಾಲದ ಆಟಿ ತಿಂಗಳಲ್ಲಿ ಮಂಡೆಕೋಲು ಊರಿನ ದೊಡ್ಡಮ್ಮ ಪೂವಮ್ಮನ ಮನೆಯಲ್ಲಿ ಸತ್ತ ಹಿರಿಯರಿಗೆ ಬಡಿಸುವ ಕ್ರಮ. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅನ್ನ, ಕೋಳಿ, ಮೀನು ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಬದುಕಿರುವವರ ಊಟ ಆಮೇಲೆ. ಎಲೆ ಹಾಕುವ ಕೆಲಸ ಈ ಸಲ ಜಯಪ್ರಕಾಶನದು.

ಪೂವಮ್ಮ ಒಬ್ಬೊಬ್ಬರ ಹೆಸರು ಹೇಳಿ ಅನ್ನ ಬಡಿಸುತ್ತ ಬಂದರು. ಹೆಸರುಗಳು ಮುಗಿದವು, ಒಂದು ಎಲೆ ಉಳಿಯಿತು.

"ಇದು ಯಾರಿಗೆ ಮಗ?"

"ಕಿಡ್ನಿ ಕೊಟ್ಟವನಿಗೆ."

ಪೂವಮ್ಮ ಸೌಟನ್ನು ಪಾತ್ರೆಗೆ ಇಳಿಸಿದರು.

"ಕಿಡ್ನಿ ಸಿಕ್ಕಿತು ಅಂತ ಆಸ್ಪತ್ರೆಯಿಂದ ಫೋನ್ ಬರಲಿ ಅಂತ ನಾನು ಹರಕೆ ಹೊತ್ತಿದ್ದೆ ದೊಡ್ಡಮ್ಮ. ಫೋನ್ ಬರ್ಬೇಕಾದ್ರೆ ಯಾರಾದ್ರೂ ಸಾಯ್ಬೇಕಲ್ಲ. ಅವ ಸಾಯಲಿ ಅಂತಲೇ ನಾನು ಕೇಳಿದ್ದು." ಇಷ್ಟು ದಿನ ಭವಿತಾಗೂ ಹೇಳದ ಮಾತು ಅದು. ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು.

"ನಿನ್ನ ಹರಕೆಗೆ ಅಷ್ಟು ಶಕ್ತಿ ಉಂಟಾ?" ಎಂದರು ಪೂವಮ್ಮ. "ನಿನ್ನ ದೊಡ್ಡಪ್ಪ ಉಳಿಯಲಿ ಅಂತ ನಾವು ಎಷ್ಟು ಹರಕೆ ಹೇಳಿದ್ದು. ಅವರ ಎಲೆ ಅಲ್ಲಿ ಉಂಟು, ನೋಡು."

ಬಗ್ಗಿ ಆ ಕೊನೆಯ ಎಲೆಯನ್ನು ಎತ್ತಿಕೊಂಡರು. ಎಸೆಯುತ್ತಾರೆಂದುಕೊಂಡು ಜಯಪ್ರಕಾಶ ತಡೆಯಲು ಕೈ ಚಾಚಿದ. ಅವರು ಅದನ್ನು ಚಾವಡಿಗೆ ಒಯ್ದು, ಬದುಕಿರುವವರು ಊಟಕ್ಕೆ ಕೂರುವ ಕಡೆ ಹಾಸಿದರು.

"ಪೂರ್ತಿ ಸತ್ತವರಿಗೆ ಒಳಗೆ. ಇವನಿಗೆ ಅಲ್ಲಿ ಬಡಿಸಿದ್ರೆ ಉಣ್ಣುದು ಹೇಗೆ? ನೀನು ಉಂಡದ್ದೇ ಅವನಿಗೆ. ನಾಲ್ಕು ತುತ್ತಿಗೆ ಎದ್ರೆ ಇಬ್ಬರಿಗೂ ಉಪವಾಸ."

ಒಳಕೋಣೆಯ ಶಾಸ್ತ್ರ ಮುಗಿದ ಮೇಲೆ ಅವನನ್ನು ಆ ಎಲೆಯ ಮುಂದೆಯೇ ಕೂರಿಸಿದರು. ಆರಿದ ಊಟ ಕೊಡಬಾರದೆಂದು ಡಾಕ್ಟರ್ ಹೇಳಿದ್ದರಿಂದ ಭವಿತಾ ಅವನಿಗಾಗಿ ಬೇರೆಯೇ ಬಿಸಿ ಅನ್ನ, ಮೀನು ಮಾಡಿ ತಂದಳು. ಪೂವಮ್ಮ ಆ ಮೀನಿನ ಪಾತ್ರೆ ಹಿಡಿದು ನಿಂತರು.

"ಅವನಿಗೆ ಮೀನು ಆಗ್ತಿತ್ತಾ?"

"ಗೊತ್ತಿಲ್ಲ ದೊಡ್ಡಮ್ಮ."

"ಗೊತ್ತಿಲ್ಲದಿದ್ರೆ ಉಂಡು ನೋಡು."

ಜಯಪ್ರಕಾಶನಿಗೆ ಅಳು ತಡೆಯಲಾಗಲಿಲ್ಲ. ಎಡಗೈಯನ್ನು ಹೊಟ್ಟೆಯ ಬಲಗಡೆ ಇಟ್ಟುಕೊಂಡು, ಅಳುತ್ತಲೇ ಉಂಡ. ನಾಲ್ಕು ತುತ್ತು ಕಳೆಯಿತು. ಅವನು ಏಳಲಿಲ್ಲ. ಎಲೆ ಖಾಲಿಯಾದಾಗ ಭವಿತಾಳ ಕಡೆ ನೋಡಿ, "ಇನ್ನೂ ಸ್ವಲ್ಪ ಹಾಕು, ಅವನಿಗೆ ಸಾಕಾಗ್ಲಿಲ್ಲ," ಎಂದ.