ಆರನೇ ನಂಬರಿನ ಮನೆ

ಶವಾಗಾರದ ಗುಮಾಸ್ತ ಕಾಗದವನ್ನು ಕಿಂಡಿಯಿಂದ ಹೊರಗೆ ತಳ್ಳಿ, ಹೆಸರಿನ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟ. "ಎಡ್ರೆಸ್?"

ಪ್ರೇಮನಾಥ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ನಿಂತ. ಸತ್ತವನ ಜೊತೆ ಒಂದೇ ಕೋಣೆಯಲ್ಲಿ ಹದಿನಾರು ವರ್ಷ ಮಲಗಿದ್ದ ಸೇಸಪ್ಪ ಪಕ್ಕದಿಂದ ಮೆಲ್ಲಗೆ ಹೇಳಿದ, "ಬರೀರಿ. ಅಲ್ ಖುವೈರ್, ನಿಮ್ಮ ಬಿಲ್ಡಿಂಗು, ಆರನೇ ನಂಬರು. ಊರಿಂದ ಬಂದ ಫ್ಯಾಕ್ಸಲ್ಲಿ ಹಾಗೇ ಉಂಟು."

ಸತ್ತ ಕೊಗ್ಗ ಆ ಮನೆಯಲ್ಲಿ ಒಂದು ದಿನವೂ ಇದ್ದವನಲ್ಲ. ಆ ಕಟ್ಟಡದ ಬಾಡಿಗೆ ವಹಿವಾಟು ನೋಡಿಕೊಳ್ಳುವ ಪ್ರೇಮನಾಥನಿಗೆ ಅದು ಬೇರೆಯವರಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ಮನೆ ಕೇಳಿಕೊಂಡು ಬಂದ ಕೊಗ್ಗನನ್ನು ವಾಪಸು ಕಳಿಸಿದವನು ಅವನೇ.

"ಹೆಂಡತಿ ಹತ್ರ ಮನೆ ಸಿಕ್ಕಿತು ಅಂತಲೇ ಹೇಳಿದ್ದ ಮಾರಾಯ್ರೆ," ಎಂದ ಸೇಸಪ್ಪ. "ಮನೆ ಆಯ್ತು, ವೀಸಾ ಮಾತ್ರ ಬಾಕಿ ಅಂತ. ಐದು ವರ್ಷ. ಕಾಗದ ಎಲ್ಲ ವೀಸಾ ಕೊಟ್ಟ ಅರಬಿ ಕಫೀಲನ ಪೋಸ್ಟ್ ಬಾಕ್ಸಿಗೆ ಬರುದು, ಮತ್ತೆ ಸಿಕ್ಕಿ ಬೀಳುದು ಹೇಗೆ?"

ಪ್ರೇಮನಾಥ ಬರೆದ.

ಇಲ್ಲೇ ದಹನ ಮಾಡಲು ಮನೆಯವರ ಒಪ್ಪಿಗೆ ಬೇಕಿತ್ತು. ನಿನ್ನೆ ಸಂಜೆ ಊರಿಗೆ, ಬೆಳ್ಮಣ್ಣಿಗೆ ಫೋನು ಮಾಡಿದವನೂ ಅವನೇ. ಕೊಗ್ಗನ ಹೆಂಡತಿ ದಮಯಂತಿ ನೆರೆಮನೆಯ ಎಲಿಜಬೆತ್ ಬಾಯಿಯ ಫೋನಿಗೆ ಓಡಿ ಬಂದು, ಏದುಸಿರು ಬಿಡುತ್ತಲೇ ಒಂದೇ ಮಾತು ಕೇಳಿದ್ದಳು. "ಇಲ್ಲಿಗೆ ತರುದು ಬೇಡ ಅಣ್ಣಾ. ಅಷ್ಟು ದಿವಸ ಪೆಟ್ಟಿಗೆಯಲ್ಲಿ ಇರುದು ಬೇಡ. ಆದ್ರೆ ಆಸ್ಪತ್ರೆಯಿಂದ ಸೀದಾ ಕೊಂಡು ಹೋಗ್ಬೇಡಿ. ಒಮ್ಮೆ ಅವರ ಮನೆಗೆ ಕರ್ಕೊಂಡು ಹೋಗಿ ಮಲಗಿಸಿ, ಬಾಯಿಗೆ ನೀರು ಬಿಟ್ಟು, ಮತ್ತೆ ಕೊಂಡು ಹೋಗಿ."

ಆಯಿತು ಅಕ್ಕ ಎಂದಿದ್ದ. ನಾಳೆ ನೀರು ಬಿಡುವ ಹೊತ್ತಿಗೆ ಫೋನು ಮಾಡುತ್ತೇನೆ ಎಂದೂ ಹೇಳಿದ್ದ.

ಆರನೇ ನಂಬರು ಕಳೆದ ತಿಂಗಳಿಂದ ಖಾಲಿಯಿತ್ತು. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

* * *

ಎಂಬತ್ತೆಂಟರ ಒಂದು ಶುಕ್ರವಾರ ಕೊಗ್ಗ ಬಂದಿದ್ದ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು. ಬಲಗೈಯ ಬೆರಳುಗಳು ಇಸ್ತ್ರಿ ಪೆಟ್ಟಿಗೆ ಹಿಡಿದಂತೆಯೇ ಬಾಗಿದ್ದವು. ಆಗಲೂ ಖಾಲಿಯಿದ್ದ ಆರನೇ ನಂಬರಿನ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಬಂದ. ಮನೆ ನೋಡಲು ಬಂದವರು ಯಾರೂ ಹಾಗೆ ಮಾಡಿದ್ದನ್ನು ಪ್ರೇಮನಾಥ ಅದುವರೆಗೆ ಕಂಡಿರಲಿಲ್ಲ. ಹತ್ತು ನಿಮಿಷ ಗೋಡೆ ಮುಟ್ಟಿ, ನಲ್ಲಿ ತಿರುಗಿಸಿ, ಅಡುಗೆಮನೆಯಲ್ಲಿ ಸುಮ್ಮನೆ ನಿಂತು ನೋಡಿದ. ಕೊನೆಗೆ ಅರಬರ ಉದ್ದಂಗಿ ದಿಶ್‌ದಾಶ ಸುತ್ತಿಕೊಡುವ ಕಂದು ಕಾಗದದ ಪೊಟ್ಟಣ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಪೂರ್ತಿ ಒಂದು ವರ್ಷದ ಬಾಡಿಗೆ.

"ಸ್ಯಾಲರಿ ಸರ್ಟಿಫಿಕೇಟು?"

"ಕಫೀಲನದ್ದು ವೀಸಾ ಮಾತ್ರ ಅಲ್ವಾ. ಸಂಬಳ ಲಾಂಡ್ರಿಯವ ಕೈಯಲ್ಲಿ ಕೊಡುದು."

"ಚೆಕ್ ಬುಕ್ಕು?"

"ಬ್ಯಾಂಕಿಗೆ ಹೋದದ್ದೇ ಊರಿಗೆ ಡ್ರಾಫ್ಟ್ ತೆಗೀಲಿಕ್ಕೆ."

"ಒಂದು ವರ್ಷದ್ದು ಸರಿ. ಎರಡನೇ ವರ್ಷ ನೀನು ನಾಪತ್ತೆ ಆದ್ರೆ ನಾನು ಯಾರ ಕುತ್ತಿಗೆ ಹಿಡಿಯುದು? ಹತ್ತು ಮಂಚ ಹಾಕಿ ಬ್ಯಾಚುಲರುಗಳನ್ನು ತುಂಬಿಸಿದ್ರೆ?"

ಕೊಗ್ಗ ನಕ್ಕಿದ್ದ. "ಹತ್ತು ಮಂಚದ ಕೋಣೆಯಲ್ಲೇ ಹನ್ನೊಂದು ವರ್ಷ ಕಳೆದವ ಸ್ವಾಮಿ ನಾನು. ಅದನ್ನು ಬಿಟ್ಟು ಬರ್ಲಿಕ್ಕೇ ಮನೆ ಕೇಳ್ತಿರುದು. ಮನೆಯ ಕಾಗದ ತೋರಿಸಿದ್ರೆ ಹೆಂಡತಿಯ ವಿಸಿಟ್ ವೀಸಾಕ್ಕೆ ಸೈನ್ ಹಾಕ್ತೇನೆ ಅಂದಿದ್ದಾನೆ ಕಫೀಲ್. ಮೂರು ತಿಂಗಳು ಬಂದು ಹೋಗ್ಲಿ ಅಂತ."

ಸರ್ಟಿಫಿಕೇಟು, ಚೆಕ್ಕು ಎರಡೂ ಇಲ್ಲದವರಿಗೆ ಪ್ರೇಮನಾಥ ಒಂದು ದಾರಿ ಇಟ್ಟಿದ್ದ. ಅವರು ಸಾಮಾನು ತರುವ ಅಂಗಡಿಗೆ ಹೋಗಿ ಸಾಲದ ಪುಸ್ತಕ ನೋಡುವುದು. ತಿಂಗಳ ಕೊನೆಗೆ ಬಾಕಿ ತೀರಿಸುವವನು ಬಾಡಿಗೆಯನ್ನೂ ಕೊಟ್ಟಾನು. ಆ ಪದ್ಧತಿಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಕೊಗ್ಗ ಸಾಮಾನು ತರುವ ಕೋಲ್ಡ್ ಸ್ಟೋರಿನ ಆದಂ ಸಾಲದ ಉದ್ದ ಪುಸ್ತಕವನ್ನು ಎರಡು ಸಲ ಮಗುಚಿ ಹಾಕಿದ. ಅಂಗಡಿಯಲ್ಲಿ ಜನ ತುಂಬಿದ್ದರು. "ಕೊಗ್ಗನ ಹೆಸರೇ ಇಲ್ಲ ಪ್ರೇಮಣ್ಣ."

ಪ್ರೇಮನಾಥ ಅರ್ಜಿಯ ಮೇಲೆ ಬರೆದ: ಗುರುತು ಹೇಳುವವರಿಲ್ಲ.

* * *

ಆಂಬುಲೆನ್ಸಿನಲ್ಲಿ ಮೂವರು ಕೂತಿದ್ದರು. ಆದಂ ಅಂಗಡಿ ಮುಚ್ಚಿ ಬಂದಿದ್ದ. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಬಿಳಿ ಬಟ್ಟೆಯ ಕಡೆ ನೋಡದೆ ಹೇಳಿದ, "ಹದಿನಾಲ್ಕು ವರ್ಷದಲ್ಲಿ ನೂರು ಬೈಸ ಚಿಲ್ಲರೆ ಬಾಕಿ ಇಟ್ಟವ ಅಲ್ಲ. ದುಡ್ಡಿಲ್ಲದ ದಿವಸ ಖುಬ್ಬೂಸ್ ರೊಟ್ಟಿಯನ್ನೂ ತಗೊಳ್ಳದೆ ಹೋಗ್ತಿದ್ದ. ಆಮೇಲೆ ಕೊಡು ಅಂದ್ರೆ, ಬೇಡ ಕಾಕಾ, ಹಸಿವಿಲ್ಲ ಅಂತಿದ್ದ."

ಪ್ರೇಮನಾಥ ತಲೆ ಎತ್ತಿದ. "ಅದನ್ನು ಅವತ್ತು ಹೇಳ್ಲಿಕ್ಕೆ ಏನಾಗಿತ್ತು ನಿನಗೆ?"

"ನೀವು ಕೇಳಿದ್ದು ಪುಸ್ತಕದಲ್ಲಿ ಉಂಟಾ ಅಂತ. ಮನುಷ್ಯ ಹೇಗೆ ಅಂತ ಕೇಳಿದ್ರಾ?" ಆದಂನ ಧ್ವನಿ ಏರಿ, ತಕ್ಷಣ ಇಳಿಯಿತು. "ನನ್ನದೂ ತಪ್ಪೇ ಬಿಡಿ. ಯಾಕೆ ಕೇಳ್ತೀರಿ ಅಂತ ನಾನಾದ್ರೂ ಕೇಳ್ಬೇಕಿತ್ತು."

"ಈಗ ಯಾಕೆ ಜಗಳ?" ಎಂದ ಸೇಸಪ್ಪ. "ಆರನೇ ನಂಬರಿನದ್ದು ನೋಡುವ. ಸ್ಟ್ರೆಚರು ಮೆಟ್ಟಿಲು ಹತ್ತೀತಾ?"

"ಒಮ್ಮೆ ಆಫೀಸಿಗೆ ಕೇಳ್ತೇನೆ," ಎಂದ ಪ್ರೇಮನಾಥ.

"ಕೀ ನಿಮ್ಮ ಜೇಬಲ್ಲೇ ಉಂಟಲ್ಲ?"

"ಕೇಳಿದ್ರೆ ಒಳ್ಳೇದು."

ಕಟ್ಟಡದ ಕೆಳಗೆ ಗಾಡಿ ನಿಂತಿತು. ಪ್ರೇಮನಾಥ ನೆಲಮಹಡಿಯ ತನ್ನ ಕೋಣೆಗೆ ಹೋಗಿ ಮ್ಯಾನೇಜರ್ ಆಸ್ವಾಲ್ಡನಿಗೆ ಫೋನು ಮಾಡಿದ. ಆ ಕಡೆ ಆಸ್ವಾಲ್ಡ್ ಪೂರ್ತಿ ಕೇಳಿಸಿಕೊಂಡ.

"ಕೇಳದೆ ಮಾಡಿದ್ದರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಪ್ರೇಮ್," ಎಂದ. "ಈಗ ಕೇಳಿದ್ದೀ. ಅಗ್ರಿಮೆಂಟ್ ಇಲ್ಲದವರಿಗೆ ಬಾಗಿಲು ತೆಗೆಯುವ ಹಾಗಿಲ್ಲ. ಅದು ನೀನೇ ಟೈಪ್ ಮಾಡಿದ ರೂಲ್ ಅಲ್ವಾ? ಮೇಲೆ ಫ್ಯಾಮಿಲಿಗಳಿದ್ದಾರೆ. ನಾಳೆ ಯಾರಾದ್ರೂ ಖಾಲಿ ಮಾಡ್ತೇವೆ ಅಂದ್ರೆ ನಿನ್ನ ವೀಸಾ ರಿನ್ಯೂ ಮಾಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಪ್ರೇಮನಾಥ ಫೋನಿಟ್ಟ. ಜೇಬಿನೊಳಗೆ ಬೀಗದ ಕೈ ಬೆವರಿಗೆ ಒದ್ದೆಯಾಗಿತ್ತು. ಚಾಲಕ ಬಾಗಿಲಲ್ಲಿ ಇಣುಕಿದ. "ಯಲ್ಲಾ ಭಾಯ್, ಹೊರಡಿ. ಐದಕ್ಕೆ ಸ್ಮಶಾನ ಬಂದ್."

ಹೇಳಿದ ಹೊತ್ತಿಗೆ ಊರಿಗೆ ಫೋನು ಮಾಡಬೇಕಿತ್ತು. ಮಾಡಿದ. ಅರ್ಧ ರಿಂಗಿಗೇ ದಮಯಂತಿ ಎತ್ತಿದಳು.

"ಅವರು ಮನೆಗೆ ಬಂದ್ರಾ ಅಣ್ಣಾ?"

ಕಿಟಕಿಯ ಗಾಜಿನಾಚೆ ಬಿಸಿಲಲ್ಲಿ ಆಂಬುಲೆನ್ಸು ನಿಂತಿತ್ತು. ಹಿಂದಿನ ಬಾಗಿಲು ಮುಚ್ಚಿತ್ತು. ಅದರ ನೆರಳಲ್ಲಿ ಸೇಸಪ್ಪನೂ ಆದಂನೂ ಕುಕ್ಕರುಗಾಲಲ್ಲಿ ಕೂತು ಅವನ ಕಡೆಗೇ ನೋಡುತ್ತಿದ್ದರು.

"ಬಂದ್ರು ಅಕ್ಕ."

"ಎಲ್ಲಿ ಮಲಗಿಸಿದ್ರಿ?"

"ಹಾಲಲ್ಲಿ."

"ತಲೆ ತೆಂಕಕ್ಕೆ ಉಂಟಲ್ಲ?"

ಗಾಡಿಯ ಮೂತಿ ಯಾವ ದಿಕ್ಕಿಗಿದೆಯೆಂದು ಅವನು ನೋಡಿದ. "ಉಂಟು."

ಹೊರಗೆ ಆಂಬುಲೆನ್ಸಿನ ಚಾಲಕ ಹಾರ್ನ್ ಹಾಕಿದ.

"ಹಾರ್ನ್ ಕೇಳ್ತದಲ್ಲ ಅಣ್ಣಾ?"

"ರಸ್ತೆಯದ್ದು. ಕಿಟಕಿ ತೆಗೆದದ್ದು ಅಕ್ಕ."

"ಹಾಂ." ಅವಳು ಮೂಗೆಳೆದುಕೊಂಡಳು. "ಅಲ್ಲಿ ಬಾಯಿಗೆ ನೀರು ಬಿಡುದು ಯಾರು?"

"ನಾನು."

"ಹಾಗಾದ್ರೆ ನೀವು ಅಲ್ಲಿ ಬಿಡಿ, ನಾನು ಇಲ್ಲಿ ಬಿಡ್ತೇನೆ. ಎಲಿಜಬೆತ್ ಬಾಯಿಯವರ ಮೆಟ್ಟಿಲ ಹತ್ರವೇ ಫೋನು ಹಿಡ್ಕೊಂಡು ನಿಂತಿದ್ದೇನೆ, ತಂಬಿಗೆ ತಂದಿದ್ದೇನೆ. ಫೋನು ನಮ್ಮವರ ಕಿವಿಯ ಹತ್ರ ಇಟ್ಟು ಕೇಳಿಸಿ. ಬಿಡ್ಲಾ?"

ಅವನು ಆಂಬುಲೆನ್ಸಿನ ಮುಚ್ಚಿದ ಬಾಗಿಲನ್ನು ನೋಡಿದ. ಹೊರಗೆ ಎರಡನೇ ಮಾಳಿಗೆಯವನ ಕಾರು ಬಂದು, ತನ್ನ ಜಾಗ ಬಿಡಿಸಲು ಹಾರ್ನ್ ಹಾಕಿತು. ಆಂಬುಲೆನ್ಸು ಒಂದು ಮಾರು ಮುಂದೆ ಸರಿಯಿತು.

"ಬಿಡಿ ಅಕ್ಕ," ಎಂದ.

ಅವನು ಎದ್ದು, ವಯರು ಬರುವಷ್ಟು ರಿಸೀವರನ್ನು ಎಳೆದು, ಆಂಬುಲೆನ್ಸಿನ ಕಡೆಗಿನ ಕಿಟಕಿಯ ಗಾಜಿಗೆ ಒತ್ತಿ ಹಿಡಿದ. ಅದರೊಳಗಿಂದ, ಎಲ್ಲೋ ಕಲ್ಲಿನ ಮೇಲೆ ನೀರು ಬೀಳುವ ಸದ್ದು ತೆಳ್ಳಗೆ ಬರುತ್ತಲೇ ಇತ್ತು.