ದೊಡ್ಡಪ್ಪ ಬಂದಾನ

"ಎಳೀರಲೇ, ಕೈ ಬಿಡಬ್ಯಾಡ್ರಿ!"

ಹಗ್ಗ ಜೈಭೀಮನ ಅಂಗೈಯ ತೊಗಲನ್ನು ಸುಲಿದುಕೊಂಡು ಒಂದು ಮೊಳ ಮುಂದಕ್ಕೆ ಹೋಯಿತು. ಅವನು ಮಂಡಿಯವರೆಗೆ ಕೆಸರಿನಲ್ಲಿ ಹೂತು ಹಿಂದಕ್ಕೆ ವಾಲಿದ. ಅವನ ಹಿಂದೆ ತಮ್ಮ ದೇವಿಂದ್ರ, ದೇವಿಂದ್ರನ ಹಿಂದೆ ಓಣಿಯ ಗಂಡಸರು. ಮಡುವಿನ ನೀರು ಕುದಿದಂತಾಗಿ ಬಾಲವೊಂದು ಮೇಲೆದ್ದು ಬಡಿಯಿತು. ಎಲ್ಲರ ಮುಖಕ್ಕೂ ರಾಡಿ ಸಿಡಿಯಿತು.

"ಬಂತು, ಬಂತು! ದೊಡ್ಡಪ್ಪ ಬಂದ ನೋಡ್ರಿ!" ದಂಡೆಯ ಮೇಲಿನಿಂದ ಅಂಬ್ರಪ್ಪ ಒದರಿದ. "ಚೀಲ ಒಗೀರಿ ಮಕದ ಮ್ಯಾಲ! ದೊಡ್ಡಪ್ಪಂದು ಕಣ್ಣು ಮುಚ್ಚರಿ ಮೊದಲು!"

ಕಣ್ಣು ಮುಚ್ಚಿದರೆ ಅದು ಸುಮ್ಮನಾಗುತ್ತದೆಂದು ಯಾರೋ ಮೊಬೈಲಿನಲ್ಲಿ ನೋಡಿದ್ದರು. ಹಸಿ ಗೋಣಿಚೀಲ ಬಿದ್ದ ಮೇಲೆ ಅದು ನಿಜಕ್ಕೂ ಸುಮ್ಮನಾಯಿತು. ಅಂಬ್ರಪ್ಪ ಅದರ ಕುತ್ತಿಗೆಯ ಮೇಲೆ ಕೂತು, ಸೈಕಲ್ ಟ್ಯೂಬನ್ನು ಬಾಯಿಗೆ ಸುತ್ತಿ ಸುತ್ತಿ ಬಿಗಿದ. ಆಮೇಲೆ ಎಲ್ಲರೂ ಸೇರಿ ಅದನ್ನು ದಂಡೆಗೆ ಎಳೆದು ಜಾಲಿಗಿಡಕ್ಕೆ ಕಟ್ಟಿದರು.

"ಏನ್ ಉದ್ದ ಐತಲೇ ಇದು!"

"ಅಂಬ್ರಪ್ಪಗ ಬೀಗರು ಕೊಟ್ಟ ಮಂಚಕ್ಕಿಂತ ಉದ್ದೈತಿ."

"ಆ ಮಂಚ ಮುರದು ಯಾವ ಕಾಲಾತು."

ನಾಲ್ಕು ಜನ ನಕ್ಕರು. ದೇವಿಂದ್ರ ಅಲ್ಲೇ ನಿಂತಿರುವುದು ಕಂಡು ನಗು ನಡುವೆಯೇ ನಿಂತಿತು. ಅವನು ಪ್ರಾಣಿಯ ಹೊಟ್ಟೆಯನ್ನು ನೋಡುತ್ತಿದ್ದ.

"ಅವತ್ತಿಂದು ಇದೇ ಅಂತ ಹೆಂಗ ಗೊತ್ತು?" ಎಂದ.

"ಇದೇ ಇರಬೇಕು ತಮ್ಮಾ. ಈ ಮಡುವಿನಾಗ ಮತ್ಯಾವುದು..." ಅಂಬ್ರಪ್ಪ ಮಾತನ್ನು ಅಲ್ಲಿಗೇ ಬಿಟ್ಟ. ಬೇಸಿಗೆಯಲ್ಲಿ ಕೃಷ್ಣೆ ಇಳಿದಾಗ ಮಡುಗಳಲ್ಲಿ ಎಷ್ಟು ಬೆನ್ನು ತೇಲುತ್ತವೆಂಬುದನ್ನು ಅಲ್ಲಿದ್ದವರೆಲ್ಲ ನೋಡಿದ್ದರು.

ಹೋದ ವಾರ ಇದೇ ಜಾಗದಲ್ಲಿ ದೇವಿಂದ್ರನ ಮಗಳು ಪಂಚಶೀಲಾ ನೀರಿಗೆ ಹೋಗಿದ್ದಳು. ಸಿಕ್ಕಿದಷ್ಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿದ್ದರು. ನಾಲ್ಕನೆಯ ಇಯತ್ತೆ ಮುಗಿಸಿ ಬೇಸಿಗೆ ರಜೆಗೆ ಊರಿಗೆ ಬಂದಿದ್ದ ಹುಡುಗಿ ಅವಳು. ಹಳ್ಳಿಯಲ್ಲಿ ಸಾಲಿ ಸರಿಯಿಲ್ಲವೆಂದು ಐದು ವರ್ಷದವಳಿದ್ದಾಗಲೇ ಜೈಭೀಮ ಅವಳನ್ನು ಯಾದಗಿರಿಗೆ ಕರೆದುಕೊಂಡು ಹೋಗಿದ್ದ. ಅವನಿಗೆ ಮದುವೆಯಾಗಿರಲಿಲ್ಲ. ಜಡೆ ಹಾಕುವುದನ್ನೂ ಮೊಬೈಲ್ ನೋಡಿಯೇ ಕಲಿತಿದ್ದ. ಅವಳು ಹೆತ್ತವರಿಗಿಂತ ಹೆಚ್ಚು ಸಲ ಕರೆದದ್ದು ಅವನನ್ನು. ಬೆಳಿಗ್ಗೆ ಎದ್ದರೆ ದೊಡ್ಡಪ್ಪ, ಹಲ್ಲುಜ್ಜುವಾಗ ದೊಡ್ಡಪ್ಪ, ನಿದ್ದೆಯಲ್ಲೂ ದೊಡ್ಡಪ್ಪ.

ಸ್ಟೇಷನ್ ರೋಡಿನಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಅದರ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರೂ ಗೋಡೆಗೊರಗಿ ಕೂತು ಒಂದು ಕೊರಿಯಾ ಸಿನಿಮಾವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಯಾರೋ ಗಿರಾಕಿಯ ಫೋನಿನಿಂದ ಇಳಿಸಿಕೊಂಡಿದ್ದ ಹಿಂದಿ ಡಬ್ಬಿಂಗ್. ನೀರಿನಿಂದ ಎದ್ದು ಬರುವ ಒಂದು ಪ್ರಾಣಿ, ಅದರೆದುರು ಒಂದು ಮನೆಯ ಮಂದಿ. ಪಂಚಶೀಲಾಳಿಗೆ ಅದರಲ್ಲಿ ಹೆದರಿಕೆಗಿಂತ ತಕರಾರುಗಳೇ ಹೆಚ್ಚು.

"ದೊಡ್ಡಪ್ಪ, ಅದರ ಹೆಸರೇನು?"

"ಹೆಸರಿಲ್ಲ ಅದಕ್ಕ."

"ಮತ್ತ ಏನಂತ ಕರೀತಾರ ಅದನ್ನ?"

"ಕರಿಯಂಗಿಲ್ಲವ್ವ. ಓಡತಾರ."

ಆಮೇಲೆ ಅದೇ ಅವರ ಆಟವಾಯಿತು. ಅವನು ಕಂಬಳಿ ಹೊದ್ದು ಬಚ್ಚಲಿನಿಂದ ಹೊರಬಂದು, ಸಿನಿಮಾದವರ ಹಾಗೆ "ಭಾಗೋ!" ಎಂದು ಕಿರುಚುತ್ತಿದ್ದ. ಮಾತು ಮುಗಿಯುವುದರೊಳಗೆ ಅವಳು ಮಂಚದ ಮೇಲಿರುತ್ತಿದ್ದಳು. ಒಮ್ಮೆಯೂ ಅವನಿಗೆ ಸಿಕ್ಕಿರಲಿಲ್ಲ.

ಅದಕ್ಕೇ ಜೈಭೀಮನಿಗೆ ಈ ವಾರವೆಲ್ಲ ಒಂದೇ ಪ್ರಶ್ನೆ. ಹುಡುಗಿ ಯಾಕೆ ಓಡಲಿಲ್ಲ? ಅವಳು ಮೊಣಕಾಲು ನೀರಿನಲ್ಲಿದ್ದಳಂತೆ. ದಂಡೆಯ ಮೇಲೆ ಅವನ ಅವ್ವ ಬಸ್ಸಮ್ಮ ಇದ್ದಳು, ಒದರಿದಳು. ಎಲ್ಲರೂ ಹೇಳುವುದು ಅಷ್ಟೇ. ಅವನು ಬಸ್ಸಿನಿಂದ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೈಯಲ್ಲಿ ಶಹಾಪುರದಲ್ಲಿ ಕೊಂಡ ಮಾವಿನಹಣ್ಣಿನ ಚೀಲವಿತ್ತು.

ಅರ್ಜುಮಂದ ಕೊಡದಲ್ಲಿ ನೀರು ತಂದು ಗಂಡಸರಿಗೆ ಹಂಚುತ್ತಿದ್ದಳು. ಪಕ್ಕದ ಓಣಿಯವಳು. ಆ ದಿನ ಅವಳೂ ಇಲ್ಲೇ ಬಟ್ಟೆ ಒಗೆಯುತ್ತಿದ್ದಳೆಂದು ಅವನಿಗೆ ಗೊತ್ತಿತ್ತು. ಅವಳು ಅವನ ಕೈ ನೋಡಿ, "ಅಯ್ಯ, ರಕ್ತ ಬರಾಕತ್ತೈತಲ್ರಿ ಅಣ್ಣ," ಎಂದು ಅಂಗೈಯ ಮೇಲೆ ನೀರು ಸುರಿದಳು.

"ಅರ್ಜುಮಂದ, ಅವತ್ತ ನಮ್ಮವ್ವ ಒದರಿದ್ದು ಕೂಸಿಗಿ ಕೇಳಲಿಲ್ಲೇನು?"

ಅವಳ ಕೈ ನಿಂತಿತು. "ನಿಮಗ ಯಾರೂ ಹೇಳಿಲ್ಲೇನ್ರಿ?"

"ಏನು?"

"ಕೇಳಿತ್ರಿ. ಕೇಳೇ ಹಂಗಾಯ್ತು." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಜಾಲಿಗಿಡದ ಕಡೆ ನೋಡಿದಳು. "ನಿಮ್ಮವ್ವ ಬ್ಯಾರೆ ಏನಂತಾರ್ರಿ? ನಾವೆಲ್ಲ ಏನಂತೀವೋ ಅದನ್ನೇ ಅಂದ್ರು. ದೊಡ್ಡಪ್ಪ ಬಂದಾನ, ದೊಡ್ಡಪ್ಪ ಬಂದಾನ ಅಂತ."

ಜೈಭೀಮ ಅವಳನ್ನೇ ನೋಡಿದ.

"ಕೂಸು ನಕ್ಕಿತ್ರಿ. ಬಸ್ಸು ಬಂತೇನು ಅಂತ ರೋಡಿನ ಕಡಿ ತಿರುಗಿ ನೋಡ್ತು. ದಂಡಿ ಎತ್ತರ ಐತಲ್ರಿ, ರೋಡು ಕಾಣವಲ್ದು. ಕಾಣ್ಲಿ ಅಂತ ಹಿಂದಕ್ಕ ಹಿಂದಕ್ಕ ಸರೀತು. ನಿಮ್ಮವ್ವ ಇನ್ನೂ ಜೋರಾಗಿ ಒದರಿದ್ರು. ಅದು ಕೈ ಮ್ಯಾಲೆತ್ತಿ..." ಅವಳು ಕೊಡವನ್ನು ಕೆಳಗಿಟ್ಟಳು. "ಖರೆ ಹೆಸರು ನನಗೂ ಬಾಯಿಗಿ ಬರಲಿಲ್ರಿ ಅಣ್ಣ. ನಮ್ಮ ಮನ್ಯಾಗೂ ಅನ್ನಂಗಿಲ್ಲ," ಎಂದಳು.

ಹೊಳೆಯ ದಂಡೆಯಲ್ಲಿ ಅದರ ಹೆಸರು ಹೇಳಬಾರದು. ಹೇಳಿದರೆ ಕರೆದಂತೆ, ಕರೆದರೆ ಬರುತ್ತದೆ; ಅದಕ್ಕೇ ಊರವರು ಅದನ್ನು ದೊಡ್ಡಪ್ಪ ಅನ್ನುವುದು. ಜೈಭೀಮ ಇದನ್ನು ಕೇಳುತ್ತಲೇ ಬೆಳೆದವನು, ಕಾಲೇಜಿಗೆ ಹೋದ ಮೇಲೆ ಅದಕ್ಕೆ ನಕ್ಕವನು. ಎಷ್ಟು ಹಗುರವಾಗಿ ಮರೆತಿದ್ದನೆಂದರೆ, ಊರಿನ ಈ ಮಾತನ್ನು ಹುಡುಗಿಗೆ ತಮಾಷೆಗೂ ಹೇಳಿರಲಿಲ್ಲ. ಅವಳ ಪಾಲಿಗೆ ಲೋಕದಲ್ಲಿ ದೊಡ್ಡಪ್ಪ ಒಬ್ಬನೇ. ಆ ಬೆಳಿಗ್ಗೆ ಅವನೇ ಫೋನ್ ಮಾಡಿದ್ದ, ಇವತ್ತು ಬರ್ತೀನಿ ಎಂದು.

ಮಗಳು ಮಣ್ಣಾದ ದಿನದಿಂದ ತಮ್ಮನ ಹೆಂಡತಿ ಪರಿಮಳಾ ಅತ್ತೆ ಸುಟ್ಟ ರೊಟ್ಟಿ ಮುಟ್ಟಿರಲಿಲ್ಲ. ಅತ್ತೆ ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. "ಅಕಿ ಇರೂ ಮನ್ಯಾಗ ನಾ ಇರಂಗಿಲ್ಲ," ಎಂದು ನಿನ್ನೆ ಗಂಡನ ಮುಂದೆ ಹೇಳಿದ್ದನ್ನು ಜೈಭೀಮ ಪಡಸಾಲೆಯಿಂದ ಕೇಳಿಸಿಕೊಂಡಿದ್ದ. ದುಃಖ ಎಂದುಕೊಂಡಿದ್ದ. ಈಗ ಅರ್ಥವಾಯಿತು.

"ಅರಣ್ಯದವರ ಜೀಪು ಭೀಮರಾಯನಗುಡಿ ದಾಟೇತಂತ," ಎನ್ನುತ್ತ ಅಂಬ್ರಪ್ಪ ಒಂದು ಕೊಡಲಿ ತಂದು ದೇವಿಂದ್ರನ ಮುಂದೆ ಇಟ್ಟ. "ಅವರು ಬಂದ್ರ ಇದನ್ನ ಒಯ್ದು ಮತ್ತೊಂದು ನೀರಿಗಿ ಬಿಡ್ತಾರ. ಹೊಡಿಯೂದಿದ್ರ ಈಗೇ ಹೊಡೀರಿ. ನಾವ್ಯಾರೂ ನೋಡಿಲ್ಲ."

ದೇವಿಂದ್ರ ಕೊಡಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಏಳಲಿಲ್ಲ. ಸಿನಿಮಾದಲ್ಲಿ ಪ್ರಾಣಿ ಒಂದೇ ಇತ್ತು. ಇಲ್ಲಿ ಹೊಳೆಯ ತುಂಬ ಇದ್ದವು.

ಆಗ ಬಸ್ಸಮ್ಮ ದಂಡೆ ಇಳಿದು ಬಂದಳು. ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಜೋಳದ ರೊಟ್ಟಿ, ಅರಿಶಿನ, ಹಸಿರು ರವಿಕೆ ಕಣ. ಯಾರನ್ನೂ ನೋಡದೆ ಅವಳು ಕಟ್ಟಿದ ಪ್ರಾಣಿಯಿಂದ ನಾಲ್ಕು ಮಾರು ದೂರ ಕೂತು, ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ತಣ್ಣಗಾಗಪಾ ದೊಡ್ಡಪ್ಪ," ಎಂದಳು. ಗೋಣಿಚೀಲದ ಕೆಳಗೆ ಅದರ ಗಂಟಲು ಉಬ್ಬಿ ಇಳಿಯುತ್ತಿತ್ತು.

ಜೈಭೀಮ ಹೋಗಿ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಏನಂತ ಕರದಿ ಅದಕ್ಕ?"

"ನಿನಗ ಗೊತ್ತೈತಿ."

"ಅವತ್ತ ಏನಂತ ಒದರಿದಿ?"

"ಅದನ್ನೇ ಒದರಿದ್ನಿ." ಅವಳು ತಲೆ ಎತ್ತಿದಳು. ಕಣ್ಣು ಒಣಗಿದ್ದವು. "ಅರ್ಜುಮಂದ ಹೇಳಿದ್ಳೇನು? ಹೇಳ್ಲಿ. ನಾ ಮುಚ್ಚಿಟ್ಟಿಲ್ಲ. ನೀನೇ ಕೇಳಿಲ್ಲ."

"ನಾ ಬರ್ತೀನಂತ ಕೂಸು ಕಾಯಾಕತ್ತಿತ್ತು. ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ?"

"ಬಾಯಿಗಿ ಅದೇ ಬಂತು. ಈ ಊರಿಗಿ ಸೊಸ್ಯಾಗಿ ನಡೀಲಿಕ್ಕ ಬಂದಾಗಿಂದ ಅದೇ ಬಂದೈತಿ. ನಿನ್ನ ಸಣ್ಣಾಂವ ಇದ್ದಾಗ ಹಂಗೇ ಒದರಿ ಉಳಿಸೀನಿ. ಇವನ್ನೂ ಉಳಿಸೀನಿ," ಎಂದು ದೇವಿಂದ್ರನ ಕಡೆ ಕೈ ತೋರಿಸಿದಳು.

"ಮೊಸಳಿ!" ಜೈಭೀಮ ಎದ್ದು ನಿಂತು ಹೊಳೆಗೆ ಕೇಳುವಂತೆ ಕೂಗಿದ. "ಮೊಸಳಿ ಇದು! ಮೊಸಳಿ ಬಂತು ಅಂದಿದ್ರ ಅಕಿ ಮನಿ ಮುಟ್ಟತಿದ್ಳು!"

ದಂಡೆಯ ಮೇಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ ಥೂ ಎಂದು ಉಗುಳಿದರು. "ಏ ಜೈಭೀಮಣ್ಣ, ಕೈಮುಗಿತೀನಿ, ಹೊಳಿ ದಂಡ್ಯಾಗ ಅದನ್ನ ಅನಬ್ಯಾಡೋ," ಎಂದ ಅಂಬ್ರಪ್ಪ. ಕಟ್ಟಿದ ಪ್ರಾಣಿಯ ಕುತ್ತಿಗೆಯ ಮೇಲೆ ಕೂತಿದ್ದವನೇ ಈಗ ನೀರಿನ ಕಡೆ ನೋಡುತ್ತಿದ್ದ.

ಜೈಭೀಮ ಮತ್ತೆ ಕೂತ. ಅವನ ದನಿ ಇಳಿದಿತ್ತು.

"ಯವ್ವಾ, ಕೇಳು. ಪರಿಮಳಾ ನಿನ್ನ ಮನ್ಯಾಗ ಇಟ್ಕೊಳ್ಳಂಗಿಲ್ಲ. ದೇವಿಂದ್ರ ಅಕಿಗಿ ಎದುರಾಡಂಗಿಲ್ಲ. ನಾಳಿ ನನ್ನ ಜೋಡಿ ಯಾದಗಿರಿಗಿ ಬಾ. ಕೂಸಿನ ಮಂಚ ಐತಿ. ಸಾಯೂತನಕ ನಿನ್ನ ನೋಡ್ಕೊಂತೀನಿ, ಒಂದು ಮಾತು ಅನ್ನಂಗಿಲ್ಲ. ಅದರ ಹೆಸರು ಅನ್ನು. ಒಂದೇ ಸಲ. ಇಲ್ಲೇ, ಅದರ ಮುಂದ."

ಬಸ್ಸಮ್ಮ ತಟ್ಟೆಯ ಅರಿಶಿನವನ್ನು ಬೆರಳಿನಿಂದ ಒಟ್ಟುಮಾಡಿದಳು.

"ನನ್ನ ಹೆಸರು ನನಗ ತಿರುಗಿ ಕೊಡು, ಸಾಕು. ಇಲ್ಲಾಂದ್ರ ನಾ ಈ ಊರಿಗಿ ಮತ್ತ ಕಾಲಿಡಂಗಿಲ್ಲ. ನೀ ಎಲ್ಲಿ ಹೋಗ್ತಿಯೋ ಹೋಗು."

ದೂರದಲ್ಲಿ ಜೀಪಿನ ಸದ್ದು ಕೇಳಿತು. ಪ್ರಾಣಿ ಸಿಕ್ಕಿತೆಂಬ ಧೈರ್ಯಕ್ಕೆ ಓಣಿಯ ಮಕ್ಕಳು ಆಗಲೇ ಮಡುವಿನ ಅಂಚಿಗೆ ಇಳಿದು ಕಾಲು ತೊಳೆಯುತ್ತಿದ್ದವು. ಒಬ್ಬಳು ಲಂಗ ಎತ್ತಿಕೊಂಡು ಮೊಣಕಾಲು ನೀರಿಗೆ ಬಂದಿದ್ದಳು. ಬಸ್ಸಮ್ಮ ಬಹಳ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಅನ್ನಂಗಿಲ್ಲ," ಎಂದಳು. "ಈ ಮಕ್ಕಳು ನಾಳಿ ಮತ್ತ ನೀರಿಗಿ ಇಳಿತಾವ. ನಾ ಅನ್ನಂಗಿಲ್ಲ."