ಸಾಲೇಹಮ್ಮನವರ ಪೈನ್ ಗಿಡ

ಕಾಫಿ ಗಿಡ ಸವರುವುದರಲ್ಲಿ ಮಾರನಹಳ್ಳಿ ಸುತ್ತಮುತ್ತ ಬಸವರಾಜುವನ್ನು ಮೀರಿಸುವವರಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನು ಬೇರೆ ಯಾರೂ ಅಲ್ಲ, ಆ ಬಸವರಾಜು ಆದ ನಾನೇ. ಅಬ್ದುಲ್ ವಹಾಬ್ ಸಾಹೇಬರ ಎಸ್ಟೇಟಿನಲ್ಲಿ ಇಪ್ಪತ್ತೈದು ವರ್ಷ ಮೇಸ್ತ್ರಿಯಾಗಿದ್ದೆ. ಆ ಜಂಬ ಏನು ಮಾಡಿತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

೧೯೯೮ರ ಮಾರ್ಚಿನಲ್ಲಿ ಸಾಹೇಬರೂ ಅವರ ಹೆಂಡತಿ ಸಾಲೇಹಮ್ಮನವರೂ ಹಜ್ ಯಾತ್ರೆಗೆ ಹೊರಟರು. ಹೊರಡುವ ಮುಂಚೆ ಪರಿಚಯದವರಲ್ಲೆಲ್ಲ ಕ್ಷಮೆ ಕೇಳುವುದು ಅವರ ವಾಡಿಕೆ. ಸಾಲೇಹಮ್ಮ ಕೂಲಿ ಲೈನಿನ ನಮ್ಮ ಮನೆ ಬಾಗಿಲಿಗೇ ಬಂದು, ಎಂದಾದರೂ ಬಿರುಸಾಗಿ ಮಾತಾಡಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಆಮೇಲೆ ತಮ್ಮ ಪೈನ್ ಬೋನ್ಸಾಯ್ ನೋಡಿಕೊಳ್ಳಲು ಒಪ್ಪಿಸಿದರು.

ಊಟಿಯಿಂದ ಬೆರಳುದ್ದದ ಸಸಿ ತಂದು ಹತ್ತೊಂಬತ್ತು ವರ್ಷ ಸಾಕಿದ್ದರು. ಅಷ್ಟಾದರೂ ಅದು ಮೊಣಕಾಲೆತ್ತರ ಮೀರಿರಲಿಲ್ಲ. ಚಳಿಗಾಲದಲ್ಲಿ ತಂತಿ ಸುತ್ತಿ ಕೊಂಬೆ ಬಗ್ಗಿಸುವುದು, ಹಳೆಯ ಸೂಜಿ ಎಲೆ ಕೀಳುವುದು, ಬೇಸಿಗೆಯಲ್ಲಿ ಎರಡು ಹೊತ್ತು ನೀರು, ಎಲ್ಲ ಅವರದೇ ಕೈ.

"ಅಂಗಳದಲ್ಲೇ ಇರ್ಲಿ ಮೇಸ್ತ್ರೀ, ಬಿಸಿಲು ಬೇಕು ಅದಕ್ಕೆ. ಎಳೆ ಚಿಗುರು ಉದ್ದ ಬಂದ್ರೆ ಬೆರಳಲ್ಲಿ ಅರ್ಧ ಚಿವುಟಿ. ಕತ್ತರಿ ಮಾತ್ರ ಮುಟ್ಟಿಸ್ಬೇಡಿ."

ಕತ್ತರಿ ವಿಷಯ ನನಗೆ ಹೇಳಿಕೊಡುತ್ತಾರಲ್ಲ ಎಂದು ಒಳಗೊಳಗೇ ಉರಿಯಿತು.

ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಪೈನಿನ ತುದಿಗಳಲ್ಲಿ ಮೇಣದಬತ್ತಿಯಂಥ ಚಿಗುರು ಅಡ್ಡಾದಿಡ್ಡಿ ಎದ್ದವು. ಒಂದು ವಾರ ಚಿವುಟಿದೆ. ಎಂಟನೆಯ ದಿನ ತಾಳ್ಮೆ ಕೆಟ್ಟು ಕತ್ತರಿ ತಂದು ಸವರಿದೆ, ಒಂದು ಸೂಜಿಯೂ ಉಳಿಯದಂತೆ. ಅಮ್ಮಾವ್ರು ಬರುವಷ್ಟರಲ್ಲಿ ಹೊಸ ಚಿಗುರು ತುಂಬಿ ನಿಂತಿರುತ್ತದೆ, ನೋಡಿ ಬೆರಗಾಗಲಿ ಎಂದುಕೊಂಡೆ. ಕಾಫಿಯನ್ನು ಬುಡದ ಹತ್ತಿರ ಕಡಿದರೂ ಮಳೆಗೆ ಒತ್ತಿಕೊಂಡು ಚಿಗುರುತ್ತದೆ. ಪೈನ್ ಹಾಗಲ್ಲವಂತೆ, ಹಸಿರು ಉಳಿಯದ ಕೊಂಬೆ ಮತ್ತೆ ಚಿಗುರುವುದೇ ಇಲ್ಲವಂತೆ. ಮೂರು ವಾರ ಕಾದು ಸಕಲೇಶಪುರದ ನರ್ಸರಿಯೊಂದರಲ್ಲಿ ವಿಚಾರಿಸಿದಾಗ ಇದು ತಿಳಿಯಿತು. ಅಲ್ಲಿಯವನು ನಕ್ಕ. ಬಸ್ಸಿನಲ್ಲಿ ವಾಪಸು ಬರುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ.

ಏಪ್ರಿಲ್ ಕೊನೆಗೆ ಅವರು ಬಂದರು. ಸಾಲೇಹಮ್ಮ ನನ್ನ ಬೊಗಸೆಗೆ ಮದೀನದ ಖರ್ಜೂರ ಹಾಕಿ, ಗಿಡ ಹೇಗಿದೆ ಎಂದು ಕೇಳಿದರು.

"ಆಲಿಕಲ್ಲು ಮಳೆ ಹೊಡೀತು ಅಮ್ಮಾವ್ರೇ. ಎಲ್ಲಾ ಉದುರೋಗ್ಬುಡ್ತು."

ಖರ್ಜೂರ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಅವರು ಹೋಗಿ ಗಿಡದ ಮುಂದೆ ಬಹಳ ಹೊತ್ತು ಕೂತರು. ಮತ್ತೆ ಚಿಗುರುತ್ತದೆಯೇ ಎಂದು ಕೇಳಿದರು. ಚಿಗುರುತ್ತದೆ ಎಂದೆ.

ಅಂದಿನಿಂದ ಅವರು ದಿನಾ ಅದಕ್ಕೆ ನೀರು ಹಾಕತೊಡಗಿದರು. ನನ್ನನ್ನು ಕಂಡಾಗಲೆಲ್ಲ ಚಿಗುರು ಯಾವಾಗ ಬರಬಹುದು ಎಂದು ಕೇಳುವರು. ಇನ್ನೇನು ಬಂತು ಎನ್ನುವೆ. ಬರಬರುತ್ತಾ ಅಂಗಳ ತಪ್ಪಿಸಿ ಕಾಫಿ ಸ್ಟೋರಿನ ಹಿಂದಿನಿಂದ ಓಡಾಡುವುದು ಕಲಿತೆ. ಮಳೆಗಾಲ ಬಂತು. ಬೇರು ಕೊಳೆಯುತ್ತದೆಂದು ಪ್ರತಿ ವರ್ಷ ಜೂನಿನಲ್ಲಿ ಕುಂಡವನ್ನು ಸೂರಿನಡಿಗೆ ಸರಿಸುತ್ತಿದ್ದವರು, ಈ ಸಲ ಜಡಿಮಳೆಯಲ್ಲೂ ಕೊಡೆ ಹಿಡಿದು ಬಂದು ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ.

ಆಗಸ್ಟಿನ ಒಂದು ಬೆಳಿಗ್ಗೆ ತಡೆಯಲಾಗದೆ ಹೋಗಿ ಅವರ ಎದುರು ನಿಂತೆ.

"ಆಲಿಕಲ್ಲಲ್ಲ ಅಮ್ಮಾವ್ರೇ. ನಾನೇ ಕತ್ತರ್ಸಿದ್ದು. ಅದು ಸತ್ತೋಗೈತೆ."

ಅವರು ದನಿ ಏರಿಸಲಿಲ್ಲ. "ಬಂದ ದಿನಾನೇ ಗೊತ್ತಾಯ್ತು ಮೇಸ್ತ್ರೀ. ಆಲಿಕಲ್ಲು ಎಲ್ಲಾ ಕೊಂಬೇನೂ ಒಂದೇ ಓರೆಲಿ ಕೊಯ್ಯುತ್ತಾ?"

ಹಾಗಾದರೆ ನೀರು ಯಾಕೆ ಹಾಕುತ್ತಿದ್ದಿರಿ ಎಂದು ಕೇಳಿದೆ.

"ನೀವು ಹೇಳ್ತೀರಾ ಅಂತ ಕಾಯ್ತಿದ್ದೆ," ಎಂದರು. "ನಾಲ್ಕು ತಿಂಗಳು ಬೇಕಾಯ್ತು ನಿಮ್ಗೆ."

ಚೊಂಬಿನಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು. ಮರುದಿನದಿಂದ ನೀರು ಹಾಕಲು ಬರಲಿಲ್ಲ.